ನಿಂತ ಹೊತ್ತಿನ ಲೆಕ್ಕ

ನಮ್ಮ ಭಾವನನ್ನು ಯಾರೂ ಟೈಮ್ ಕೇಳಬಾರದು. ಕೇಳಿದರೆ ಹೇಳಿಬಿಡುತ್ತಾರೆ, ಹೇಳಿದ ಮೇಲೆ ಲೋಕವೆಲ್ಲ ಅದರ ಪ್ರಕಾರವೇ ನಡೆಯಬೇಕು. ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿ ಆಯಸ್ಸೆಲ್ಲ ಸೀಟಿ ಊದಿದ ಮನುಷ್ಯ. ಯಾವ ಬಸ್ಸು ಈಗ ಯಾವ ತಿರುವಿನಲ್ಲಿದ್ದೀತು ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರಂತೆ. ರಿಟೈರ್ ಆದ ಮೇಲೆ ಊದುವುದಕ್ಕೆ ಬಸ್ಸಿಲ್ಲದೆ ಮನೆಯವರ ಮೇಲೆ ಊದಲು ಶುರು ಮಾಡಿದರು. ನಲ್ಲಿ ರಿಪೇರಿಯವನು ಎಷ್ಟು ಹೊತ್ತಿಗೆ ಬರುತ್ತಾನೆ, ಅನ್ನ ಎಷ್ಟು ಹೊತ್ತಿಗೆ ಬೇಯುತ್ತದೆ, ನಾನು ಒಂದು ಅಂಗಿಗೆ ತೋಳು ಹಚ್ಚಲು ಎಷ್ಟು ಹೊತ್ತು ಹಿಡಿಯುತ್ತೇನೆ, ಎಲ್ಲದಕ್ಕೂ ಅವರದೊಂದು ಟೈಮ್. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನೋಡಬೇಕಿದ್ದರೆ ನಮ್ಮ ಭಾವನನ್ನು ನೋಡಬೇಕು.

ನಾನು ಟೈಲರ್. ಅಕ್ಕನ ಮನೆಯ ಕೆಳಗೆ ನನ್ನ ಅಂಗಡಿ, ಅಂಗಡಿಯ ಹಿಂದೆ ನನ್ನ ಎರಡು ಕೋಣೆ. ಕೈಯಲ್ಲಿರುವುದಕ್ಕಿಂತ ಬಾಯಲ್ಲಿರುವ ಕತ್ತರಿಯೇ ಹರಿತ ಎಂದು ಬೀದಿಯವರು ನನ್ನ ಬಗ್ಗೆ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಅಕ್ಕ ಹಾಗಲ್ಲ. ನನ್ನ ಪಕ್ಕದ ಮಳಿಗೆಯಲ್ಲೇ ಅವಳು ಹಾಸಿಗೆ, ದಿಂಬು ಹೊಲಿಯುತ್ತಿದ್ದಳು. ಹತ್ತಿ ಹಿಂಜಿ, ತುಂಬಿ, ಹೊಲಿದು, ದಿನವಿಡೀ ಆ ಧೂಳಿನಲ್ಲಿ ಕೂತಿರುತ್ತಿದ್ದಳು. ಸಂಜೆ ಹೊರಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬಿಳಿ. ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ನಾನು ಬೈದರೆ, "ಬಟ್ಟೆ ಕಟ್ಕೊಂಡ್ರೆ ಮಾತಾಡೋಕಾಗಲ್ಲ ಕಣೇ" ಎಂದು ನಗುತ್ತಿದ್ದಳು.

ಅಕ್ಕನ ಒಂದು ಕಳ್ಳತನ ನನಗೆ ಮಾತ್ರ ಗೊತ್ತಿತ್ತು. ಅವರ ನಡುಮನೆಯಲ್ಲಿ ಒಂದು ಗೋಡೆ ಗಡಿಯಾರವಿತ್ತು. ಭಾವ ಹೊರಡುವಾಗ "ಆರು ಗಂಟೆಗೆ ಬಾಗಿಲಲ್ಲಿರ್ತೀನಿ" ಎಂದು ಹೇಳಿ ಹೋಗುತ್ತಿದ್ದರು. ಆರಾಗಿ, ಇನ್ನೂ ಹತ್ತಿಪ್ಪತ್ತು ನಿಮಿಷವಾಗಿ, ಬೀದಿಯ ತುದಿಯಲ್ಲಿ ಅವರ ತಲೆ ಕಂಡ ಕೂಡಲೇ ಅಕ್ಕ ಸ್ಟೂಲ್ ಹತ್ತಿ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಆರಕ್ಕೆ ತಂದು ನಿಲ್ಲಿಸುತ್ತಿದ್ದಳು. ಭಾವ ಒಳಗೆ ಬಂದು ತಲೆಯೆತ್ತಿ ಗೋಡೆ ನೋಡಿ, "ನೋಡ್ದಾ?" ಎನ್ನುತ್ತಿದ್ದರು. ಇವಳು, "ನೀವು ಹೇಳಿದ್ಮೇಲೆ ಮುಗೀತು" ಎನ್ನುತ್ತಿದ್ದಳು. ಅವರು ಮಲಗಿದ ಮೇಲೆ ಮತ್ತೆ ಸ್ಟೂಲ್ ಹತ್ತಿ ಸರಿ ಮಾಡುವುದು. ಒಂದು ದಿನ ನಾನು ಕಣ್ಣಾರೆ ಕಂಡು, "ಥೂ, ನಿನಗೇನಾದ್ರೂ ಹುಚ್ಚಾ? ಆ ಮನುಷ್ಯ ತಪ್ಪು ಅಂತ ಒಂದ್ಸಲಾನಾದ್ರೂ ಗೊತ್ತಾಗ್ಲಿ" ಎಂದೆ. "ಗೊತ್ತಾದ್ರೆ ಏನು ಸಿಗುತ್ತೆ ನಿಂಗೆ? ಡಿಪೋದವರು ಹಾರ ಹಾಕಿ ಕಳಿಸ್ಬಿಟ್ರು. ಅವರಿಗೆ ಉಳಿದಿರೋದು ಇದೊಂದೇ" ಎಂದಳು.  ನಾನು ಕೆಳಗೆ ಬಂದು ನನ್ನ ಮಿಷನ್ ತುಳಿದೆ.

ಹತ್ತಿಯ ಧೂಳು ಕೊನೆಗೂ ತನ್ನ ಕೆಲಸ ಮಾಡಿತು. ಮೊದಲು ಕೆಮ್ಮು, ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಕೂತಲ್ಲೇ ಏದುಸಿರು. ಮನೆಯಲ್ಲಿ ಆಕ್ಸಿಜನ್ ಯಂತ್ರ ಬಂತು. ಮೂಗಿನ ನಳಿಕೆಯಿಲ್ಲದೆ ಬಚ್ಚಲಿಗೆ ಹೋಗಿ ಬಂದರೂ ಉಗುರು ನೀಲಿ ತಿರುಗುತ್ತಿತ್ತು. ಶ್ವಾಸಕೋಶದ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದರೆ ಉಳಿದದ್ದು ಅರಳಿಕೊಳ್ಳುತ್ತದೆ, ಆದರೆ ಅದನ್ನು ಮಾಡುವ ಕೈ ಇಲ್ಲಿಲ್ಲ ಎಂದರು ಡಾಕ್ಟರು. ದೂರದ ಇನ್ನೊಂದು ಊರಿನ ದೊಡ್ಡ ಆಸ್ಪತ್ರೆಗೆ ಒಬ್ಬ ದೊಡ್ಡ ಡಾಕ್ಟರು ಆಗೊಮ್ಮೆ ಈಗೊಮ್ಮೆ ಬರುತ್ತಾರಂತೆ, ಬಂದು ಒಂದು ವಾರ ಇರುತ್ತಾರಂತೆ. ಅವರ ಪಟ್ಟಿಯಲ್ಲಿ ಅಕ್ಕನಿಗೆ ಜಾಗ ಸಿಕ್ಕಿತು. ಒಂದೇ ಷರತ್ತು: ಬಂದು ಮುಟ್ಟುವಾಗ ಈಗಿರುವ ಹಾಗೆಯೇ ಇರಬೇಕು. ರಕ್ತದಲ್ಲಿ ಆಕ್ಸಿಜನ್ ಬಿದ್ದು, ಹೃದಯಕ್ಕೆ ಆಯಾಸವಾಗಿ ಬಂದರೆ ಕತ್ತಿ ಹಿಡಿಯುವುದಿಲ್ಲ ಎಂದು ಮೊದಲೇ ಹೇಳಿದ್ದರು.

ರಸ್ತೆಯಲ್ಲಿ ಹೋದರೆ ಘಟ್ಟ ಹತ್ತಿ ಇಳಿದು ಎರಡು ದಿನ. ಅದು ಆಗದ ಮಾತು. ವಿಮಾನ ಎಂದಾಯಿತು. ನಮ್ಮ ಮನೆಯಲ್ಲಿ ಅಲ್ಲಿಯ ತನಕ ಯಾರೂ ವಿಮಾನ ಹತ್ತಿದವರಲ್ಲ. ಭಾವ ಮಾತ್ರ ಆ ದಿನದಿಂದ ಹತ್ತು ವರ್ಷ ಚಿಕ್ಕವರಾದರು. ಮೊಬೈಲಿನಲ್ಲಿ ಏನೋ ಹುಡುಕಿ ತಂದು ನಮ್ಮ ಮುಂದೆ ಹಿಡಿದರು. ಈ ಏರ್‌ಪೋರ್ಟಿನಿಂದ ಆ ಏರ್‌ಪೋರ್ಟಿಗೆ ಬಿಲ್ಲಿನ ಹಾಗೆ ಬಾಗಿದ ಒಂದು ಗೆರೆ, ಕೆಳಗೆ ಎಷ್ಟು ಕಿಲೋಮೀಟರ್, ಎಷ್ಟು ಹೊತ್ತು ಎಂದು ಬರೆದಿತ್ತು. ಒಂದೂ ಕಾಲು ಗಂಟೆ.

"ನೋಡೇ ಇವಳೇ, ಒಂದು ತಿರುವಿಲ್ಲ, ಒಂದು ಸ್ಟಾಪಿಲ್ಲ, ರೈಲ್ವೆ ಗೇಟಿಲ್ಲ, ದನ ಅಡ್ಡ ಬರಲ್ಲ" ಎಂದು ಅಕ್ಕನಿಗೆ ತೋರಿಸಿದರು. "ಇಂಥಾ ಒಂದು ರೂಟು ನನ್ನ ಸರ್ವಿಸಿನಲ್ಲಿ ಸಿಕ್ಕಿದ್ದಿದ್ರೆ!"

ನಾನು ಟಿಕೆಟ್ ನೋಡಿದೆ. ಅದರಲ್ಲಿ ಹೊರಡುವುದಕ್ಕೂ ಮುಟ್ಟುವುದಕ್ಕೂ ನಡುವೆ ಎರಡು ಗಂಟೆಗೂ ಮಿಕ್ಕಿ ಇತ್ತು. "ಭಾವ, ಇದರಲ್ಲಿ ಬೇರೆ ಇದೆಯಲ್ಲ?" ಎಂದೆ.

ಅವರು ನಕ್ಕರು. "ಅದು ನನ್ನ ಕಸುಬು ಕಣಮ್ಮ, ನನಗೇ ಹೇಳ್ತೀಯಾ? ಟೈಮ್ ಟೇಬಲ್ ಬರೆಯೋರು ಯಾವಾಗ್ಲೂ ಸ್ವಲ್ಪ ಗಾಳಿ ತುಂಬ್ತಾರೆ. ತಡ ಆಯ್ತು ಅಂತ ಜನ ಬಯ್ಯಬಾರ್ದಲ್ಲ, ಅದಕ್ಕೆ. ನಾನೇ ಎಷ್ಟು ತುಂಬಿದ್ದೀನಿ. ನಿಜವಾದ ಟೈಮು ಅಂದ್ರೆ ಚಕ್ರ ಓಡೋ ಟೈಮು. ನಿಂತ ಬಸ್ಸಿನ ಹೊತ್ತು ನಮ್ಮ ಲೆಕ್ಕಕ್ಕೆ ಬರಲ್ಲ, ಅದು ಕಂಡಕ್ಟರ್‌ದು."

ವಿಮಾನದಲ್ಲಿ ಒಯ್ಯುವ ಸಣ್ಣ ಆಕ್ಸಿಜನ್ ಯಂತ್ರವನ್ನು ಬಾಡಿಗೆಗೆ ಕೊಡುವ ಅಂಗಡಿಗೆ ನಾವು ಮೂವರೂ ಹೋದೆವು. ಹೆಗಲಿಗೆ ಹಾಕುವ ಚೀಲದಷ್ಟೇ ಇತ್ತು. ಉಸಿರು ಎಳೆದಾಗಲೆಲ್ಲ ಪುಸ್ ಎಂದು ಒಂದು ಗುಟುಕು ಬಿಡುತ್ತಿತ್ತು. ಓಡುವಾಗ ಮೈ ಬೆಚ್ಚಗಾಗಿ ಸಣ್ಣಗೆ ನಡುಗುತ್ತಿತ್ತು. ಒಂದು ಬ್ಯಾಟರಿ ಒಂದೂವರೆ ಗಂಟೆ ಬರುತ್ತದೆ, ಮೂರು ಒಯ್ಯಿರಿ ಎಂದ ಅಂಗಡಿಯವನು. ಬ್ಯಾಟರಿಯ ಮೇಲೊಂದು ಗುಂಡಿ ಇತ್ತು. ಯಂತ್ರ ಓಡಲಿ ಬಿಡಲಿ, ಅದನ್ನು ಒತ್ತಿದರೆ ಎಷ್ಟು ಉಳಿದಿದೆ ಎಂದು ಹಸಿರು ದೀಪ ತೋರಿಸುತ್ತಿತ್ತು. ಪೂರ್ತಿ ತುಂಬಿದರೆ ನಾಲ್ಕು ದೀಪ.

"ಎರಡು ಸಾಕು. ಹೋಗಿ ವಾಪಸ್ ಬರೋವಷ್ಟಾಯ್ತು" ಎಂದರು ಭಾವ. "ಮೂರನೇದು ಬೇರೆ ಯಾರೋ ಪೇಶಂಟಿಗೆ ಬೇಕಾಗಿರುತ್ತೆ, ಇಟ್ಕೊಳ್ಳಿ. ಇವಳಿಗೂ ಭಾರ."

"ಇರ್ಲಿ ಭಾವ, ನಾನು ಹೊರ್ತೀನಿ" ಎಂದೆ.

ಅಷ್ಟರಲ್ಲಿ ಅಕ್ಕ ನನ್ನ ಕೈ ಚಿವುಟಿದಳು. "ಅವರು ಹೇಳಿದ್ಮೇಲೆ ಮುಗೀತು" ಎಂದಳು. ಮುಗಿಯಿತು.

ಭಾವ ಸಾಮಾನು ಕಟ್ಟಿಕೊಂಡು ನಾಲ್ಕು ದಿನ ಮೊದಲೇ ಬಸ್ಸಿನಲ್ಲಿ ಹೊರಟರು. ಆಸ್ಪತ್ರೆಯ ಹತ್ತಿರ ಕೋಣೆ ಹಿಡಿಯಬೇಕು, ಏರ್‌ಪೋರ್ಟಿನ ಬಾಗಿಲಿಗೇ ದೊಡ್ಡ ಸಿಲಿಂಡರ್ ಇರುವ ಆಂಬುಲೆನ್ಸ್ ತರಬೇಕು, ಎಲ್ಲ ಅವರದೇ ವ್ಯವಸ್ಥೆ. ಸುಳ್ಳು ಹೇಳಬಾರದು, ಅದರಲ್ಲಿ ಒಂದೂ ಹೆಚ್ಚುಕಡಿಮೆಯಾಗಲಿಲ್ಲ.

ಹೆಚ್ಚುಕಡಿಮೆಯಾದದ್ದು ಈ ಕಡೆ. ಕಾರಿನಲ್ಲಿ ಯಂತ್ರವನ್ನು ಕಾರಿನ ಪ್ಲಗ್ಗಿಗೇ ಚುಚ್ಚಿದ್ದೆವು, ಚಿಂತೆಯಿರಲಿಲ್ಲ. ಏರ್‌ಪೋರ್ಟಿನಲ್ಲಿ ಇಳಿದ ಕೂಡಲೇ ಮೊದಲ ಬ್ಯಾಟರಿ ಶುರುವಾಯಿತು. ಗಾಲಿ ಕುರ್ಚಿ ಬರಲಿ ಎಂದು ಕಾದೆವು. ಟಿಕೆಟ್ ತೋರಿಸುವ ಸಾಲಿನಲ್ಲಿ ಕಾದೆವು. ಅಲ್ಲಿ ಕೂತಿದ್ದ ಹುಡುಗಿ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ಕೇಳಿದಳು, ಭಾವ ಹೇಳಿಕೊಟ್ಟಿದ್ದನ್ನು ಗಿಣಿಪಾಠದ ಹಾಗೆ ಒಪ್ಪಿಸಿದೆ, ತಲೆಯಾಡಿಸಿ ಕಳಿಸಿದಳು. ತಪಾಸಣೆಯವನು ಯಂತ್ರ ನೋಡಿ ಇದೇನು ಎಂದು ಮೇಲಿನವನನ್ನು ಕರೆದ, ಮೇಲಿನವನು ಇನ್ನೊಬ್ಬನನ್ನು ಕರೆದ. ಅಕ್ಕನ ಮೂಗಿನ ನಳಿಕೆಯನ್ನು ಮೂವರು ನಿಂತು ನೋಡಿದರು. "ಏನ್ರಪ್ಪ, ನೋಡೋಕೆ ಇದೇನು ಜಾತ್ರೆನಾ? ಉಸಿರಾಡೋದು ಅದು!" ಎಂದು ನಾನು ಕೂಗಿದ ಮೇಲೆ ಬಿಟ್ಟರು.

ಹತ್ತುವ ಬಾಗಿಲ ಹತ್ತಿರ ಕೂತಾಗ ಮೊದಲ ಬ್ಯಾಟರಿಯಲ್ಲಿ ಒಂದೇ ದೀಪ. ಇನ್ನೂ ವಿಮಾನದ ಮುಖವನ್ನೇ ಕಂಡಿರಲಿಲ್ಲ.  ಗೋಡೆಯಲ್ಲಿದ್ದ ಒಂದೇ ಪ್ಲಗ್ಗಿಗೆ ಕೋಟು ಹಾಕಿದವನೊಬ್ಬ ತನ್ನ ಫೋನು ಸಿಕ್ಕಿಸಿ, ಅದರಲ್ಲೇ ಏನೋ ನೋಡುತ್ತ ನಗುತ್ತಿದ್ದ.

"ಸ್ವಲ್ಪ ತೆಗೀರಿ, ಇದಕ್ಕೆ ಬೇಕು" ಎಂದೆ.

"ಐದು ನಿಮಿಷ ಮೇಡಂ, ಮೂವತ್ತು ಪರ್ಸೆಂಟ್ ಇದೆ ಅಷ್ಟೇ."

"ನಮ್ಮಕ್ಕಂಗೆ ಅಷ್ಟೂ ಇಲ್ಲಪ್ಪ" ಎಂದು ಅವನ ವೈರನ್ನು ನಾನೇ ಕಿತ್ತು ಕೈಗೆ ಕೊಟ್ಟೆ. ಅವನು ಗುರಾಯಿಸಿದ. ನಾನೂ ಗುರಾಯಿಸಿದೆ. ಆ ವಿದ್ಯೆಯಲ್ಲಿ ನನ್ನನ್ನು ಗೆದ್ದವರಿಲ್ಲ. ಆದರೆ ಪ್ಲಗ್ಗು ಚುಚ್ಚಿ ಕೂತೆವೋ ಇಲ್ಲವೋ, ವಿಮಾನ ಹತ್ತಿರಿ ಎಂದು ಕರೆದೇಬಿಟ್ಟರು. ಗಾಲಿ ಕುರ್ಚಿಯವರು ಮೊದಲು ಹೋಗಬೇಕಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೊದಲು ಹತ್ತಿದವರು ನಾವು, ಕೊನೆಯವನು ಹತ್ತುವ ತನಕ ಕೂತೆವು. ಬಾಗಿಲು ಹಾಕಿದರು, ಕೂತೆವು. ಮುಂದೆ ಇನ್ನೂ ವಿಮಾನಗಳು ಸಾಲುಗಟ್ಟಿವೆ, ತಡವಾಗುತ್ತದೆ ಎಂದು ಪೈಲಟ್ ಹೇಳಿದ, ಕೂತೆವು. ಮೊದಲ ಬ್ಯಾಟರಿ ಅಲ್ಲೇ, ನೆಲದ ಮೇಲೇ, ಕೀ ಕೀ ಎಂದು ಕೂಗಿ ಸತ್ತಿತು. ನಾನು ಎರಡನೆಯದನ್ನು ಹಾಕಿದೆ. ಹಾಕುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಚಕ್ರ ಓಡೋ ಟೈಮಂತೆ! ನಿಂತಿದ್ದು ಕಂಡಕ್ಟರ್ ಲೆಕ್ಕವಂತೆ! ಇಳೀಲಿ, ಇಳಿದ ಕೂಡ್ಲೆ ಇದೆ ನಿನ್ನ ಗಂಡನಿಗೆ. ಎಲ್ಲರ ಎದುರಿಗೇ ಕೇಳ್ತೀನಿ, ಇಷ್ಟು ವರ್ಷ ಏನು ಊದಿದ್ರಿ ಅಂತ."

ಅಕ್ಕ ಕಿಟಕಿಯ ಕಡೆ ಕೂತಿದ್ದಳು. ಯಂತ್ರದ ಚೀಲವನ್ನು ನನ್ನ ತೊಡೆಯಿಂದ ಎತ್ತಿ ತನ್ನ ಆಚೆ ಬದಿಗೆ, ಕಿಟಕಿಯ ಹತ್ತಿರಕ್ಕೆ ಇಟ್ಟುಕೊಂಡಳು. "ನೀನು ಅದನ್ನ ನೋಡ್ತಾ ಇದ್ರೆ ನಿಂಗೆ ಬಿ.ಪಿ. ಬರುತ್ತೆ" ಎಂದಳು. ನನಗೆ ಅದು ನಿಜವೆನ್ನಿಸಿತು.

ವಿಮಾನ ಎದ್ದ ಮೇಲೆ ಅಕ್ಕ ಮಗುವಿನ ಹಾಗೆ ಕಿಟಕಿಗೆ ಹಣೆ ಹಚ್ಚಿದಳು. ಮೋಡವನ್ನು ಕಂಡು, "ಅಯ್ಯೋ, ನೋಡೇ, ಯಾರೋ ಹತ್ತಿ ಹಿಂಜಿ ಹಾಗೇ ಬಿಟ್ಟು ಹೋಗಿದ್ದಾರೆ" ಎಂದಳು. ಅವಳ ಆಯುಷ್ಯ ತಿಂದದ್ದು ಆ ಹತ್ತಿಯೇ, ಆದರೂ ಅವಳಿಗೆ ಅದರ ಮೇಲೆ ಸಿಟ್ಟಿರಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಯಂತ್ರದ ಪುಸ್ ಪುಸ್ ಕೇಳಿಸುತ್ತಿರಲಿಲ್ಲ. ಮೂಗಿನಲ್ಲಿ ನಳಿಕೆ ಇತ್ತು, ನಾನು ಅದನ್ನೇ ನೋಡಿಕೊಂಡು ಸಮಾಧಾನ ಮಾಡಿಕೊಂಡೆ. ಸ್ವಲ್ಪ ಹೊತ್ತಿಗೆ ಅವಳು ಮಾತು ಬಿಟ್ಟಳು. ನಿದ್ದೆ ಎಂದುಕೊಂಡೆ.

ಹೇಳಲೇಬೇಕು: ಒಂದೂ ಕಾಲು ಗಂಟೆಗೆ ಸರಿಯಾಗಿ ಕೆಳಗೆ ಆ ಊರು ಕಂಡಿತು. ಗಾಳಿಯಲ್ಲಿ ಓಡಿದಷ್ಟು ಹೊತ್ತು ಭಾವನ ಲೆಕ್ಕ ಒಂದು ದಾರದಷ್ಟೂ ತಪ್ಪಿರಲಿಲ್ಲ. ಆದರೆ ವಿಮಾನ ಇಳಿಯಲಿಲ್ಲ. ಓರೆಯಾಗಿ ಒಂದು ಸುತ್ತು ಹೊಡೆಯಿತು. ಅದೇ ಕೆರೆ, ಅದೇ ಕಾರ್ಖಾನೆಯ ಚಿಮಣಿ ಮತ್ತೆ ಕಂಡವು. ಮುಂಚೆ ಇಳಿದ ಒಂದು ವಿಮಾನದ ಟೈರ್ ರನ್‌ವೇ ಮೇಲೆ ಒಡೆದಿದೆ, ಅದನ್ನು ಎಳೆಯುವ ತನಕ ಮೇಲೇ ಸುತ್ತಬೇಕು ಎಂದ ಪೈಲಟ್. ಮತ್ತೆ ಕೆರೆ, ಮತ್ತೆ ಚಿಮಣಿ.

ನಾನು ಎದ್ದು ಮುಂದೆ ಹೋದೆ. ಗಗನಸಖಿ ಕೂತುಕೊಳ್ಳಿ ಎಂದಳು. "ನೋಡಮ್ಮ, ನಮ್ಮಕ್ಕನ ಬ್ಯಾಟರಿ ಮುಗೀತಾ ಬಂತು. ನಿಮ್ಮ ಹತ್ರ ಆಕ್ಸಿಜನ್ ಇದ್ರೆ ಕೊಡಿ" ಎಂದು ಕೈ ಮುಗಿದೆ.

"ಬಾಟಲಿ ಇದೆ ಆಂಟಿ, ಈಗ್ಲೇ ಕೊಡ್ತೀನಿ" ಎಂದಳು ಪಾಪ. "ಆದ್ರೆ ಕ್ಯಾಪ್ಟನ್‌ಗೆ ಹೇಳಲೇಬೇಕು. ರೋಗಿಗೆ ಕಷ್ಟ ಅಂದ್ರೆ ಅವರು ಕಾಯಲ್ಲ, ಹತ್ತಿರದ ಇನ್ನೊಂದು ಏರ್‌ಪೋರ್ಟಿಗೆ ಹೋಗಿ ಇಳಿಸ್ತಾರೆ."

ಆ ಇನ್ನೊಂದು ಊರಿನಿಂದ ಇಲ್ಲಿಗೆ ಮತ್ತೆ ಇಡೀ ದಿನದ ರಸ್ತೆ. ಬೆಳಗ್ಗೆ ಎದ್ದರೆ ಆಪರೇಷನ್. ನಾನು ಅಕ್ಕನನ್ನು ಕೇಳಿಕೊಂಡು ಬರುತ್ತೇನೆ ಎಂದು ಓಡಿ ಬಂದೆ.

ಅಕ್ಕ ಕಣ್ಣು ತೆರೆದು ಎಲ್ಲ ಕೇಳಿದಳು. ಚೀಲದೊಳಗೆ ಕೈ ಹಾಕಿ ಬ್ಯಾಟರಿಯ ಗುಂಡಿ ಒತ್ತಿ ತೋರಿಸಿದಳು. ಎರಡು ಹಸಿರು ದೀಪ. "ನೋಡು, ಇನ್ನೂ ಅರ್ಧ ಇದೆ. ಸುಮ್ನೆ ಗಲಾಟೆ ಮಾಡ್ಬೇಡ. ಬೇಡ ಅನ್ನು" ಎಂದಳು. ಇಷ್ಟೊಂದು ಹೇಗೆ ಉಳಿಯಿತು ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನೂರು ದೇವರಿಗೆ ಒಟ್ಟಿಗೆ ಕೈ ಮುಗಿದು, ಬೇಡಮ್ಮ ಎಂದು ಹೇಳಿ ಬಂದು ಕೂತೆ.

ಕೂತು, ಸಂತೋಷಕ್ಕೆ ಅಕ್ಕನ ಕೈ ಹಿಡಿದೆ. ಮಂಜುಗಡ್ಡೆಯಂತೆ ತಣ್ಣಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಉಗುರೆಲ್ಲ ನೀಲಿ. ತುಟಿ ನೋಡಿದೆ. ಅವಳ ಮೇಲಿಂದ ಬಾಗಿ ಚೀಲ ಮುಟ್ಟಿದೆ. ಬೆಚ್ಚಗೆ ನಡುಗುತ್ತಿರಬೇಕಾದ ಚೀಲ ಕಲ್ಲಿನಂತೆ ಸುಮ್ಮನೆ ಕೂತಿತ್ತು.

"ಆಫ್ ಮಾಡಿದ್ದೀಯಾ? ಅಕ್ಕಾ, ಆಫ್ ಮಾಡಿದ್ದೀಯಾ ನೀನು?"

"ಮೆಲ್ಲಗೆ ಮಾತಾಡು." ಅವಳಿಗೆ ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಗಿತ್ತು. "ಸ್ವಲ್ಪ ಹೊತ್ತು ಹಾಕ್ತೀನಿ. ಸ್ವಲ್ಪ ಹೊತ್ತು ತೆಗೀತೀನಿ. ಅವರ ಲೆಕ್ಕಕ್ಕೆ ಸಾಕಾಗ್ಬೇಕಲ್ಲ."

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಅವಳ ಕೆನ್ನೆಗೆ ಎರಡು ಬಾರಿಸಬೇಕು, ಅವಳನ್ನು ಅಪ್ಪಿಕೊಂಡು ಗೋಳೋ ಎಂದು ಅಳಬೇಕು, ಎರಡೂ ಒಟ್ಟಿಗೇ ಅನ್ನಿಸಿತು. ಯಂತ್ರದ ಸ್ವಿಚ್ ಒತ್ತಿದೆ. ಅದು ನಡುಗಿ ಪುಸ್ ಎಂದಿತು. ಗಗನಸಖಿಯನ್ನು ಕರೆಯಲು ಏಳುವಷ್ಟರಲ್ಲಿ ಇಳಿಯುತ್ತಿದ್ದೇವೆ, ಬೆಲ್ಟ್ ಬಿಚ್ಚಬೇಡಿ ಎಂದು ಪೈಲಟ್ ಹೇಳಿದ. ನೆಲ ಮೇಲೆ ಬಂತು. ಅಕ್ಕ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಅವರಿಗೆ ಹೇಳ್ಬೇಡ. ನನ್ನಾಣೆ."

ಇಳಿದ ಮೇಲೂ ಮೆಟ್ಟಿಲು ಬರಲಿಲ್ಲ, ಕುರ್ಚಿ ಬರಲಿಲ್ಲ, ಮತ್ತೆ ಕೂತೆವು. ಅಂತೂ ಹೊರಗೆ ಬಂದಾಗ ಭಾವ ಕಂಬಿಗೆ ಆತುಕೊಂಡು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸರ್ವಿಸಿನ ಕಾಲದ ಹಳೆಯ ವಾಚು. ಓಡಿ ಬಂದವರೇ ಅಕ್ಕನ ಮುಖ ನೋಡಿದರು, ಚೀಲ ತೆರೆದು ಗುಂಡಿ ಒತ್ತಿದರು. ಒಂದು ದೀಪ ಉಳಿದಿತ್ತು.

"ಇಷ್ಟೆಲ್ಲ ತಡ ಆಗಿ ಕೂಡ ಉಳಿದಿದೆ! ಹೇಳಿರ್ಲಿಲ್ವಾ ನಾನು?" ಎಂದು ನನ್ನ ಕಡೆ ತಿರುಗಿದರು. ಬಸ್ಸು ಸರಿಯಾದ ಟೈಮಿಗೆ ಬಂದು ನಿಂತ ಹಾಗೆ ಆ ಮುಖ ಅರಳಿತ್ತು.

ಅಕ್ಕ ನನ್ನನ್ನು ನೋಡಿದಳು. ಜೀವಮಾನದಲ್ಲಿ ಮೊದಲ ಸಲ ನಾನು ಬಾಯಿಗೆ ಬೀಗ ಹಾಕಿದೆ.

ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಅಕ್ಕನ ಸ್ಥಿತಿ ಕೆಟ್ಟಿತು. ದೊಡ್ಡ ಮಾಸ್ಕ್ ಹಾಕಿದರೂ ಉಸಿರು ಸಾಲುತ್ತಿರಲಿಲ್ಲ. ವಾರ್ಡಿನ ಹೊರಗೆ ಉದ್ದ ಬೆಂಚಿನಲ್ಲಿ ನಾನೂ ಭಾವನೂ ಕೂತಿದ್ದಾಗ ಡಾಕ್ಟರು ಹೊರಗೆ ಬಂದರು. ದೊಡ್ಡ ಡಾಕ್ಟರಲ್ಲ, ಅವರ ಕೈಕೆಳಗಿನವರು, ನನಗೆ ಮಗಳಾಗುವ ವಯಸ್ಸಿನ ಹೆಣ್ಣುಮಗಳು.

"ಹೃದಯಕ್ಕೆ ತುಂಬ ಆಯಾಸ ಆಗಿದೆ. ದಾರಿಯಲ್ಲಿ ಆಕ್ಸಿಜನ್ ಇಲ್ಲದೆ ಇದ್ರಾ? ಎಷ್ಟು ಹೊತ್ತು?" ಎಂದು ಕೇಳಿದರು.

"ಒಂದು ನಿಮಿಷಾನೂ ಇಲ್ಲ ಡಾಕ್ಟ್ರೇ" ಎಂದರು ಭಾವ. ಚೀಲ ಅವರ ತೊಡೆಯ ಮೇಲೇ ಇತ್ತು. "ಬ್ಯಾಟರಿ ಇನ್ನೂ ಇದೆ, ಬೇಕಾದ್ರೆ ನೋಡಿ. ಲೆಕ್ಕ ಹಾಕಿನೇ ಕಳಿಸಿದ್ದೆ."

"ಸರಿಯಾಗಿ ಹೇಳಿ. ಹಾಗೇನಾದ್ರೂ ಆಗಿದ್ರೆ ನಾವು ಕೊಡೋ ಔಷಧಿನೇ ಬೇರೆ" ಎಂದರು ಆಕೆ, ನನ್ನನ್ನು ನೋಡುತ್ತ.

ವಿಮಾನದಲ್ಲಿ ಕೂತು ಈ ಗಳಿಗೆಗಾಗಿ ನಾನು ಎಷ್ಟೆಲ್ಲ ಮಾತು ಮಸೆದಿಟ್ಟುಕೊಂಡಿದ್ದೆ. ಎಲ್ಲರ ಎದುರು ಕೇಳುತ್ತೇನೆ ಎಂದಿದ್ದೆ. ಈಗ ಒಂದು ಕಡೆ ಅಕ್ಕನ ಆಣೆ, ಇನ್ನೊಂದು ಕಡೆ ಅಕ್ಕನ ಜೀವ. ನೆಲ ನೋಡಿಕೊಂಡು ಹೇಳಿದೆ. "ಇದ್ದಳು. ಆಫ್ ಮಾಡ್ಕೊಂಡಿದ್ದಳು, ಅವಳೇ. ನನಗೆ ಗೊತ್ತಾದಾಗ ವಿಮಾನ ಇಳೀತಿತ್ತು. ಅರ್ಧ ದಾರಿಗಿಂತ ಜಾಸ್ತಿ ಇದ್ದಿರ್ಬೇಕು."

ಡಾಕ್ಟರು ಒಳಗೆ ಓಡಿದರು. ಭಾವನ ಕಡೆ ತಿರುಗಲು ನನಗೆ ಧೈರ್ಯ ಬರಲಿಲ್ಲ. ಚೀಲವನ್ನು ಅವರು ಬೆಂಚಿನ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ತೀರ ಸಣ್ಣ ದನಿಯಲ್ಲಿ ಕೇಳಿದರು: "ನಮ್ಮನೆ ಗೋಡೆ ಗಡಿಯಾರದ ಮುಳ್ಳು ತಿರುಗಿಸ್ತಿದ್ಲು. ನಿಂಗೆ ಗೊತ್ತಾ?"

ನಾನು ಬೆಚ್ಚಿ ತಲೆಯೆತ್ತಿದೆ. "ನಿಮಗೆ ಗೊತ್ತಿತ್ತಾ ಭಾವ?"

"ನನ್ನ ಕೈಲಿ ವಾಚ್ ಇರ್ತಿತ್ತಲ್ಲಮ್ಮ." ತಮ್ಮ ಮಣಿಕಟ್ಟನ್ನು ತಾವೇ ನೋಡಿಕೊಂಡರು. "ಮೊದಲನೇ ದಿನವೇ ಗೊತ್ತಾಯ್ತು. ಖುಷಿಯಾಗೋದು. ಬೀದಿ ತುದಿಗೆ ಬಂದು ಸ್ವಲ್ಪ ನಿಲ್ತಿದ್ದೆ, ಸ್ಟೂಲ್ ಇಳಿಯೋಕೆ ಟೈಮ್ ಬೇಕಲ್ಲ ಅವಳಿಗೆ. ಬೇಡ ಕಣೇ, ಸಾಕು ಅಂತ ಒಂದಿನಾನಾದ್ರೂ ಅನ್ನಬೇಕಿತ್ತು. ಅನ್ನಲಿಲ್ಲ."

ಅವರಿಗೆ ಬೈಯಬೇಕೆಂದು ನನ್ನಲ್ಲಿ ಉಳಿದಿದ್ದ ಒಂದೊಂದು ಮಾತೂ ಅಲ್ಲಿಗೆ ಸತ್ತಿತು.

ಬೆಳಗ್ಗೆ ದೊಡ್ಡ ಡಾಕ್ಟರು ಬಂದು ನೋಡಿ, ಈ ಸ್ಥಿತಿಯಲ್ಲಿ ಆಗುವುದಿಲ್ಲ, ಮುಂದಿನ ಸಲ ನಾನು ಬರುವಷ್ಟರಲ್ಲಿ ಚೇತರಿಸಿಕೊಳ್ಳಲಿ ಎಂದು ಹೇಳಿ ಅಕ್ಕನ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟರು. ನಮ್ಮನ್ನು ಒಳಗೆ ಬಿಟ್ಟಾಗ ಅಕ್ಕ ಮಾಸ್ಕಿನೊಳಗಿಂದ ನನ್ನನ್ನು ನೋಡಿದಳು. ನಾನು ಹೇಳಿಬಿಟ್ಟಿದ್ದೇನೆ ಎಂದು ಅವಳಿಗೆ ತಿಳಿಯಿತು. ನನ್ನ ಮುಖ ಯಾವತ್ತೂ ಏನನ್ನೂ ಬಚ್ಚಿಟ್ಟದ್ದಲ್ಲ.

ಭಾವ ಮಂಚದ ಅಂಚಿನಲ್ಲಿ ಕೂತರು. "ನನ್ನ ಲೆಕ್ಕ ತಪ್ಪಿತ್ತು ಕಣೇ" ಎಂದರು. ಆ ಬಾಯಿಂದ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು. "ನಿಂತ ಹೊತ್ತನ್ನ ಸೇರಿಸಲೇ ಇಲ್ಲ ನಾನು. ನಿನಗೆ ಗಾಳಿ ಬೇಕಾಗಿದ್ದು ಆ ಹೊತ್ತಿಗೇ. ಎಲ್ಲ ನನ್ನದೇ ತಪ್ಪು."

ಅಕ್ಕ ತಲೆಯನ್ನು ಅತ್ತ ಇತ್ತ ಆಡಿಸಿದಳು. ಮಾತಾಡಲು ಆಗುತ್ತಿರಲಿಲ್ಲ. ಅವರ ಎಡಗೈಯನ್ನು ಎಳೆದುಕೊಂಡಳು. ಬೆರಳುಗಳಲ್ಲಿ ಶಕ್ತಿಯಿಲ್ಲ, ಎರಡು ಮೂರು ಸಲ ಜಾರಿದವು. ಕೊನೆಗೆ ಉಗುರು ಸಿಕ್ಕಿಸಿ ವಾಚಿನ ಕೀಲಿಯನ್ನು ಹೊರಗೆಳೆದಳು. ಮೆಲ್ಲಗೆ, ಹಿಂದಕ್ಕೆ, ಮುಳ್ಳನ್ನು ತಿರುಗಿಸಿದಳು. ಸುಮಾರು ಮುಕ್ಕಾಲು ಗಂಟೆ ಹಿಂದೆ ಹೋದ ಮೇಲೆ ಕೀಲಿ ಒತ್ತಿ, ಅವರ ಕೈಯನ್ನು ಎರಡು ಸಲ ತಟ್ಟಿದಳು. ಅವರು ಹೇಳಿದ್ದೇ ಸರಿ, ಮುಗಿಯಿತು ಎನ್ನುವ ಹಾಗೆ. ಭಾವ ಅವಳ ಹಾಸಿಗೆಯ ಮೇಲೆ ತಲೆಯಿಟ್ಟು ಅತ್ತರು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ದೊಡ್ಡ ಡಾಕ್ಟರು ಮುಂದಿನ ಸಲ ಹೇಳಿದ ಸಮಯಕ್ಕೆ ಸರಿಯಾಗಿ ಬಂದರು. ಅಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು.

ಈಗ ಭಾವ ಮೇಲೆ ಒಬ್ಬರೇ ಇರುತ್ತಾರೆ, ಊಟಕ್ಕೆ ಕೆಳಗೆ ನನ್ನಲ್ಲಿಗೆ ಬರುತ್ತಾರೆ. ಆ ವಾಚನ್ನು ಅವರು ಸರಿ ಮಾಡಿಲ್ಲ. ಕೀ ಕೊಡುತ್ತಾರೆ, ಒರೆಸುತ್ತಾರೆ, ಮುಳ್ಳು ಮಾತ್ರ ಮುಟ್ಟುವುದಿಲ್ಲ. ಇದರಿಂದ ಬಸ್ಸು ತಪ್ಪುತ್ತದೆ, ಬ್ಯಾಂಕು ಮುಚ್ಚಿರುತ್ತದೆ, ಹೋದ ಕಡೆಯಲ್ಲೆಲ್ಲ ಜನ ಕಾದು ಬೈಯುತ್ತಾರೆ. ಸುಮ್ಮನೆ ಕೇಳಿಸಿಕೊಂಡು ಬರುತ್ತಾರೆ. ಯಾರು ಬಂದರೂ ಟೈಮ್ ಹೇಳುವುದನ್ನು ಬಿಟ್ಟಿದ್ದಾರೆ. ಊಟಕ್ಕೆ ಮಾತ್ರ ಬೆಳಗ್ಗೆಯೇ ಮೆಟ್ಟಿಲ ಮೇಲಿಂದ ಹೇಳುತ್ತಾರೆ, "ಒಂದು ಗಂಟೆಗೆ ಬರ್ತೀನಿ ಕಣಮ್ಮ."

ಒಂದು ದಾಟುತ್ತದೆ, ಒಂದೂವರೆಯೂ ದಾಟುತ್ತದೆ. ಹಸಿವಾದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಒಲೆಯ ಮೇಲೆ ಸಾರು ಬಿಸಿ ಮಾಡುತ್ತ ಕೂತಿರುತ್ತೇನೆ. ಅಕ್ಕನ ಗೋಡೆ ಗಡಿಯಾರವನ್ನು ತಂದು ನನ್ನ ಅಂಗಡಿಯಲ್ಲಿ ಹಾಕಿಕೊಂಡಿದ್ದೇನೆ, ಭಾವನ ವಾಚಿಗೆ ಸರಿಯಾಗಿ ಅದನ್ನೂ ಮುಕ್ಕಾಲು ಗಂಟೆ ಹಿಂದೆ ಇಟ್ಟಿದ್ದೇನೆ. ಬಟ್ಟೆ ತೆಗೆದುಕೊಳ್ಳಲು ಬಂದ ಗಿರಾಕಿಗಳು ಗೋಡೆ ನೋಡಿ, ತಮ್ಮ ಫೋನು ನೋಡಿ, ಇದೇನ್ರೀ ಎಂದು ಕೇಳುತ್ತಾರೆ. ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎನ್ನುತ್ತೇನೆ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಗುತ್ತದೆ. ಭಾವ ಒಳಗೆ ಬಂದು ತಲೆಯೆತ್ತಿ ಗೋಡೆ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ.

"ಸರಿಯಾದ ಟೈಮಿಗೇ ಬಂದ್ರಿ ಭಾವ, ಕೂತ್ಕೊಳ್ಳಿ" ಎಂದು ತಟ್ಟೆ ಹಾಕುತ್ತೇನೆ.